ಸ್ಟೋರಮ್ಮನ ಲೇತು

"ಮೂರು ಸಲ ಸೋಪು ಹಾಕಿ ಉಜ್ಜಿದೆ ಕಣೋ, ಹೋಗ್ತಾನೇ ಇಲ್ಲ," ಎನ್ನುತ್ತ ದರ್ಜಿಯ ಅಕ್ಕ ಒದ್ದೆ ಬಟ್ಟೆ ಹಿಡಿದುಕೊಂಡೇ ನಡುಮನೆಗೆ ಬಂದಳು. "ನೀನೇ ಬಂದು ನೋಡು ನಿನ್ನ ಹೆಂಡತಿ ಬೆರಳನ್ನ."

ದರ್ಜಿ ಕುರ್ಚಿಯಿಂದ ಎದ್ದ. ಬೆಳಿಗ್ಗೆಯಿಂದ ಯಾರು ಏನು ಹೇಳಿದರೂ ಅವನು ಹೂಂ ಎನ್ನುತ್ತಿದ್ದ. ಕಾಫಿ ಲೋಟ ಮುಂದಿಟ್ಟುಕೊಂಡು ಕೂತಿದ್ದ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಿರಲಿಲ್ಲ. ಪಕ್ಕದ ಬೀದಿಯ ಡಾಕ್ಟರು ಬಂದು ಎದೆಬಡಿತ ನಿಂತಿದೆ ಎಂದು ಹೇಳಿ ಹೋಗಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಮೂರು ಗಂಟೆಗೆ ಬರುವುದಿತ್ತು.

ಕೋಣೆಯಲ್ಲಿ ಅವಳ ಬಲಗೈ ಹಾಸಿಗೆಯ ಅಂಚಿನಲ್ಲಿತ್ತು. ಮೂರು ಬೆರಳ ತುದಿ, ಉಗುರಿನ ಸಂದು, ಚರ್ಮದ ಬಿರುಕು ಎಲ್ಲ ಕಡುನೀಲಿ. ಕಾಲ ಬಳಿ ನಿಂತಿದ್ದ ಅವಳ ತಮ್ಮ, ಬಸ್ ಡ್ರೈವರ್, ಗಂಟಲು ಸರಿಮಾಡಿಕೊಂಡ.

"ಭಾವ, ಸುಮ್ನೆ ಕೇಳ್ತೀನಿ. ನಮ್ಮಕ್ಕ ಏನಾದ್ರೂ ಕುಡಿದುಬಿಟ್ಟಳಾ?"

ಗುಸುಗುಸು ಎನ್ನುತ್ತಿದ್ದವರೆಲ್ಲ ದರ್ಜಿಯ ಕಡೆ ತಿರುಗಿದರು.

"ವಿಷ ಅಲ್ಲಪ್ಪ. ಲೇತಿಗೆ ಹಚ್ಚೋ ನೀಲಿ ಅದು," ಎಂದ ದರ್ಜಿ.

"ಲೇತಾ?" ಅಕ್ಕ ಹುಬ್ಬೇರಿಸಿದಳು. "ಅದನ್ನ ಬಿಟ್ಟೆ ಅಂತ ನನ್ನೆದುರಿಗೇ ಹೇಳಿದ್ಲಲ್ಲೋ. ಎಂಟು ದಿನ ಆಯ್ತು."

ಅದೇ ದರ್ಜಿಗೂ ಅರ್ಥವಾಗಿರಲಿಲ್ಲ. ಎಂಟು ದಿನದ ಹಿಂದಿನ ನೀಲಿ ಇಷ್ಟು ಹಸಿಯಾಗಿ ಹೇಗಿದ್ದೀತು?

*

ಅವಳು ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಸ್ಟೋರಿನ ಕಿಟಕಿಯ ಹಿಂದೆ ಕೂತವಳು. ಕೆಲಸಗಾರರು ಬಿಲ್ಲೆ ಕೊಟ್ಟರೆ ಉಪಕರಣ ತೆಗೆದುಕೊಡುವುದು, ಸಂಜೆ ವಾಪಸು ಪಡೆದು ಒರೆಸಿಡುವುದು. ಕಣ್ಣು ಕಟ್ಟಿ ಬಿಟ್ಟರೂ ಯಾವ ಡ್ರಿಲ್ ಎಷ್ಟು ದಪ್ಪ ಎಂದು ಬೆರಳಲ್ಲೇ ಹೇಳುತ್ತಿದ್ದಳು. ಎಲ್ಲರ ಬಾಯಲ್ಲೂ ಸ್ಟೋರಮ್ಮ. ಆದರೆ ಸ್ಟೋರಿನವರು ಯಂತ್ರ ಮುಟ್ಟುವಂತಿರಲಿಲ್ಲ. "ಮೂವತ್ತೊಂದು ವರ್ಷ ಬಡಿಸಿದ್ದೇ ಬಡಿಸಿದ್ದು ರೀ, ಒಂದು ತುತ್ತು ಉಣ್ಣಲಿಲ್ಲ," ಎನ್ನುತ್ತಿದ್ದಳು.

ಕಾರ್ಖಾನೆ ಮುಚ್ಚಿದಾಗ ಎಲ್ಲಕ್ಕಿಂತ ಹಳೆಯದಾದ, ಕಬ್ಬಿಣ ಕಡೆಯುವ ಪುಟ್ಟ ಲೇತೊಂದು ಅಂಗಳದಲ್ಲಿ ಬಿದ್ದಿತ್ತು, ಮೈಯೆಲ್ಲ ತುಕ್ಕು. ಅದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು ಹಿತ್ತಲ ಶೆಡ್ಡಿನಲ್ಲಿ ಇಳಿಸಿದಳು. "ಎರಡೇ ಜೀವದ ಮನೆಗೆ ಆನೆ ತಂದು ಕಟ್ಟಿದೀಯಲ್ಲೇ," ಎಂದಿದ್ದ ದರ್ಜಿ. ಮೊದಲು ತಮಾಷೆಯಾಗಿಯೇ ಅಂದದ್ದು. ಆರು ವರ್ಷ ಕಳೆಯುವಷ್ಟರಲ್ಲಿ ತಮಾಷೆಗೆ ಹಲ್ಲು ಬಂದಿತ್ತು.

ಕಾರ್ಖಾನೆಯ ಹಳೆಯ ಜೊತೆಗಾರ ಫಿಟ್ಟರಣ್ಣ ಬಿಡುವಾದಾಗ ಬಂದು ಕಲಿಸುತ್ತಿದ್ದ. ತುಕ್ಕು ಹೋಯಿತು, ಗಿಯರು, ಬೇರಿಂಗುಗಳು ಕೂತವು, ಮೋಟಾರು ಬಂತು. ಉಳಿದದ್ದು ಒಂದೇ: ಲೇತಿನ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಅತ್ತಿತ್ತ ಜಾರುವ ಸ್ಯಾಡಲ್. ಅದರ ಅಡಿ ಸವೆದು ಉಬ್ಬುತಗ್ಗಾಗಿತ್ತು. ಆ ಹಾಸಿನ ಮೇಲೆ ತೆಳ್ಳಗೆ ನೀಲಿ ಸವರಿ ಸ್ಯಾಡಲನ್ನು ಜಾರಿಸಬೇಕು, ಮಗುಚಿ ನೋಡಬೇಕು, ನೀಲಿ ಹತ್ತಿದ ಉಬ್ಬನ್ನು ಮಾತ್ರ ಕೈಯುಳಿಯಲ್ಲಿ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ, ನೀಲಿ ಎಲ್ಲೆಡೆ ಸಮನಾಗಿ ಹತ್ತುವವರೆಗೆ. ಇಡೀ ದಿನ ಕೆರೆದರೂ ಕೂದಲೆಳೆಯಷ್ಟೂ ಸವೆಯುವುದಿಲ್ಲ. ಅದು ಮುಗಿಯುವ ತನಕ ಸ್ವಿಚ್ ಒತ್ತುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಎಂಟು ದಿನದ ಹಿಂದೆ ಅಕ್ಕ ಊಟಕ್ಕೆ ಬಂದಿದ್ದಳು. ಅರ್ಧ ಊಟದಲ್ಲೇ ಶೆಡ್ಡಿಗೆ ಹೊರಟ ಹೆಂಡತಿಯನ್ನು ಕಂಡು ದರ್ಜಿಗೆ ರೇಗಿತು.

"ಅರವತ್ತಮೂರಾಯ್ತು ನಿಂಗೆ. ಅದು ತಿರುಗೋದನ್ನ ನೀನು ನೋಡಿದ ಹಾಗೇ! ಗುಜರಿಯವನಿಗೆ ಕೊಟ್ಟು ಕೈ ತೊಳ್ಕೋ."

ಅವಳು ತಿರುಗಿ ಬಂದಳು. "ಆಯ್ತು ರೀ, ಬಿಟ್ಟೆ," ಎಂದು ಶೆಡ್ಡಿನ ಕೀಲಿಯನ್ನು ಮೊಳೆಗೆ ತಗುಲಿಸಿ ಊಟಕ್ಕೆ ಕೂತಳು.

ಅವತ್ತಿನಿಂದ ದರ್ಜಿ ಅಂಗಡಿಯಿಂದ ಬಂದಾಗಲೆಲ್ಲ ಕೀಲಿ ಮೊಳೆಯಲ್ಲೇ ಇರುತ್ತಿತ್ತು. ಹೋಗೇ, ಕೆರ್ಕೋ ಹೋಗು ಅನ್ನಬೇಕೆಂದು ದಿನವೂ ಬಾಯಿಗೆ ಬರುತ್ತಿತ್ತು, ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಅವನಾಡಿದ್ದು ನಿಜವಾಗಿ ಕೂತಿತ್ತು. ಆಸೆ ಕೈಬಿಟ್ಟೇ ಸತ್ತಳು, ಕೈಬಿಡಿಸಿದವನು ನಾನು ಎಂದು ಬೆಳಗಿನಿಂದ ಒಳಗೊಳಗೇ ಬೇಯುತ್ತಿದ್ದ.

*

ಫಿಟ್ಟರಣ್ಣ ಕೋಲೂರಿಕೊಂಡು, ಕೆಟ್ಟ ಮಂಡಿಯನ್ನು ಎಳೆದುಕೊಂಡು ಬಂದ. ಮುಖ ನೋಡಿದ, ಕೈ ನೋಡಿದ. ಅಳುತ್ತಲೇ ನಕ್ಕ.

"ಮುಗಿಸೇಬಿಟ್ಳು ನೋಡಿ ಮಾಸ್ಟ್ರೇ."

"ಏನು ಮುಗಿಸಿದ್ಲು? ಎಂಟು ದಿನದಿಂದ ಆ ಕಡೆ ತಲೆ ಹಾಕಿಲ್ಲ ಅವಳು."

"ಯಾರು ಹೇಳಿದ್ದು? ನೀವು ಅಂಗಡಿಗೆ ಹೋಗ್ತಿದ್ದ ಹಾಗೇ ಕೀಲಿ ತೆಗೀತಿದ್ಲು. ನೀವು ಬರೋದ್ರೊಳಗೆ ಸೀಮೆಎಣ್ಣೇಲಿ ಕೈ ತೊಳ್ಕೊಂಡು ವಾಪಸ್ ತಗುಲಿಸ್ತಿದ್ಲು. ನಿನ್ನೆ ಸಾಯಂಕಾಲ ಫೋನ್ ಮಾಡಿ, ಫಿಟ್ಟರಣ್ಣ, ಆಯ್ತು, ಭಾನುವಾರ ಬನ್ನಿ, ಇವರ ಮುಖ ಹೇಗಾಗುತ್ತೆ ನೋಡ್ಬೇಕು ನಂಗೆ ಅಂದ್ಲು. ಆ ಖುಷೀಲಿ ಕೈ ಸರಿಯಾಗಿ ತೊಳ್ಕೊಂಡಿಲ್ಲ ನೋಡಿ."

ಭಾನುವಾರ ಅಂಗಡಿ ತೆಗೀಬೇಡಿ ರೀ ಎಂದು ಅವಳು ನಿನ್ನೆ ರಾತ್ರಿ ಊಟದ ಹೊತ್ತಿಗೆ ಸುಮ್ಮಸುಮ್ಮನೆ ನಕ್ಕಿದ್ದಳು. ದರ್ಜಿ ಕೀಲಿ ತೆಗೆದುಕೊಂಡು ಹಿತ್ತಲಿಗೆ ನಡೆದ.

ಶೆಡ್ಡಿನ ಮೇಜಿನ ಮೇಲೆ ಸ್ಯಾಡಲ್ ಮಗುಚಿಕೊಂಡಿತ್ತು. ಅಡಿಯ ತುಂಬ ನೀಲಿ ಚುಕ್ಕೆಗಳು, ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಫಿಟ್ಟರಣ್ಣ ಕನ್ನಡಕ ಏರಿಸಿ ಅಂಗುಲ ಅಂಗುಲವಾಗಿ ನೋಡಿದ.

"ನಲವತ್ತು ವರ್ಷ ಈ ಕೆಲಸ ಮಾಡಿದೀನಿ. ಇಷ್ಟು ಚೆನ್ನಾಗಿ ನನ್ನ ಕೈಲಿ ಎರಡೇ ಸಲ ಬಂದಿದೆ. ಬನ್ನಿ, ಕೂರಿಸೋಣ."

ವಿಷ ಎಂದು ಕೇಳಿದ್ದ ಬಾಮೈದನೇ ಮೊದಲು ಅಂಗಿಯ ತೋಳು ಮಡಚಿದ. ನೀಲಿ ಒರೆಸಿ, ಎಣ್ಣೆ ಬಿಟ್ಟು, ಅವನೂ ದರ್ಜಿಯೂ ಸ್ಯಾಡಲನ್ನು ಎತ್ತಿ ಕೂರಿಸಿದರು. ಒಂದು ಬೆರಳಲ್ಲಿ ತಳ್ಳಿದರೆ ಜಾರಿತು.

"ಸ್ವಿಚ್ ನೀವೇ ಒತ್ತಿ ಮಾಸ್ಟ್ರೇ."

"ಗುಜರಿಗೆ ಹಾಕು ಅಂದವನು ನಾನು."

"ಗೊತ್ತು. ಅದನ್ನೂ ಹೇಳಿದ್ಲು. ಒತ್ತಿ."

ಲೇತು ಒಮ್ಮೆ ನಡುಗಿ, ಆಮೇಲೆ ಒಂದೇ ಸಮನೆ ತಿರುಗಿತು. ಸದ್ದಿಗೆ ಜನ ಹಿತ್ತಲ ಬಾಗಿಲಿಗೆ ಬಂದರು. ದರ್ಜಿ ಬಿಕ್ಕಿಬಿಕ್ಕಿ ಅತ್ತ, ಬೆಳಗಿನಿಂದ ಮೊದಲ ಸಲ. ಅವಳು ಇದನ್ನು ನೋಡಲಿಲ್ಲ, ಆ ನೋವು ಎಲ್ಲಿಗೂ ಹೋಗುವಂಥದ್ದಲ್ಲ. ಆದರೆ ಅವಳು ಸೋತಿರಲಿಲ್ಲ. ಎಂಟು ದಿನವೂ ಅವನಿಗೆ ಟೋಪಿ ಹಾಕಿ, ಒಳಗೇ ನಗುತ್ತ ಬದುಕಿದ್ದಳು.

"ಹೊಸದಾಗಿ ಕೂರಿಸಿದ ಬೇರಿಂಗು, ಎರಡು ಮೂರು ಗಂಟೆ ಖಾಲಿ ಓಡಬೇಕು," ಎಂದ ಫಿಟ್ಟರಣ್ಣ. "ಆಮೇಲೆ ಇಲ್ಲಿ, ಬೇರಿಂಗಿರೋ ತಲೆಭಾಗದ ಮೇಲೆ ಅಂಗೈ ಇಡಬೇಕು. ಹತ್ತು ಎಣಿಸೋವರೆಗೂ ಇಡೋಕಾದ್ರೆ ಕೆಲಸ ಸರಿಯಾಗಿದೆ. ಸುಟ್ಟು ಕೈ ಎಳ್ಕೊಂಡ್ರೆ ಬಿಗಿ ಜಾಸ್ತಿ ಅಂತ."

ಹೊರಗೆ ಗಾಡಿ ಬಂದು ನಿಂತಿತು.

"ಸಾವಿನ ಮನೇಲಿ ಮಷೀನು ಓಡಿಸ್ತಾರೇನೋ? ನಿಲ್ಸು, ಜನ ಏನಂದಾರು," ಎಂದಳು ಅಕ್ಕ.

"ಏನಾದ್ರೂ ಅಂದ್ಕೊಳ್ಳಲಿ ಅಕ್ಕ. ಇವತ್ತು ನಿಲ್ಸಲ್ಲ," ಎಂದ ದರ್ಜಿ.

"ನಾನು ಇಲ್ಲೇ ಕೂತಿರ್ತೀನಿ," ಎಂದು ಫಿಟ್ಟರಣ್ಣ ಅವಳ ಸ್ಟೂಲನ್ನು ಎಳೆದುಕೊಂಡ. "ಅವಳನ್ನ ಕಳಿಸೋಕೆ ನೀವೆಲ್ಲ ಇದೀರ. ಇದರ ಹತ್ತಿರ ಯಾರಾದ್ರೂ ಬೇಕಲ್ಲ."

*

ವಾಪಸು ಬಂದಾಗ ಸಂಜೆ ಆರಾಗಿತ್ತು. ದರ್ಜಿ ನೇರ ಹಿತ್ತಲಿಗೆ ಹೋದ. ಲೇತು ತಿರುಗುತ್ತಲೇ ಇತ್ತು. ಫಿಟ್ಟರಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ದರ್ಜಿ ತಲೆಭಾಗದ ಮೇಲೆ ಅಂಗೈ ಇಟ್ಟ. ಹದವಾದ ಬಿಸಿ, ಬದುಕಿರುವ ಮೈಯಷ್ಟೇ. ಗಟ್ಟಿಯಾಗಿ ಎಣಿಸತೊಡಗಿದ. ಹತ್ತು ಎಂದಾಗ ಫಿಟ್ಟರಣ್ಣ, "ಸಾಕು ಮಾಸ್ಟ್ರೇ, ಪಾಸಾಯ್ತು," ಎಂದ.

"ಹನ್ನೊಂದು," ಎಂದ ದರ್ಜಿ.