ಬೂದಪ್ಪನ ಒಲೆ

ಬೂದಪ್ಪ ಹುಟ್ಟಿನಿಂದ ಬಿಳಿ ಬೆಕ್ಕು. ಆದರೆ ಚಳಿಗಾಲ ಶುರುವಾದರೆ ಆ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ. ರಾತ್ರಿ ಅಪ್ಪನ ಸ್ನಾನ ಮುಗಿದು ಬಚ್ಚಲಿನ ಹಂಡೆ ಒಲೆ ಆರಿದ ಮೇಲೆ, ಒಳಗಿನ ಬೆಚ್ಚನೆ ಬೂದಿಗೆ ನುಗ್ಗಿ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಈಚೆ ಬಂದರೆ ಮೈಯೆಲ್ಲ ವಿಭೂತಿ, ಥೇಟ್ ಸನ್ಯಾಸಿ! ಅವನ ಫೋಟೊ ಸ್ಟೇಟಸ್‌ಗೆ ಹಾಕಿದರೆ ನಮ್ಮ ಕಾಲೇಜಿನ ಅರ್ಧ ಹುಡುಗಿಯರು ‘ಸ್ವಾಮೀಜಿ ಆಶೀರ್ವಾದ ಬೇಕು’ ಅಂತ ಮೆಸೇಜ್ ಮಾಡುತ್ತಿದ್ದರು.

ಬೆಳಿಗ್ಗೆ ಒಲೆ ಹಚ್ಚುವುದು ಅಜ್ಜಿ ಸುಬ್ಬಮ್ಮನ ಕೆಲಸ. ಅಷ್ಟು ಬೇಗ ನಮ್ಮ ಹರದನಹಳ್ಳಿಯಲ್ಲಿ ಮಂಜು ಬಿಟ್ಟರೆ ಎದ್ದಿರುತ್ತಿದ್ದದ್ದು ಅಜ್ಜಿ ಮಾತ್ರ. ಕಬ್ಬಿಣದ ಊದುಗೊಳವೆಯಿಂದ ಒಲೆಯ ಬಾಯಿಗೆ ಟಣ್ ಟಣ್ ಅಂತ ಬಡಿದು, “ಏಳ್ಲಾ ಬೂದಪ್ಪ, ಬಿಸ್ಲು ಬಂತು” ಅಂತ ಸುಳ್ಳು ಹೇಳುತ್ತಿದ್ದಳು. ಅವನು ಮೈಮುರಿದು ಈಚೆ ಬಂದ ಮೇಲೆಯೇ ಬೆಂಕಿ. ನನಗೆ ಹೊದಿಕೆಯೊಳಗೆ ಅರೆನಿದ್ದೆಯಲ್ಲಿ ಕೇಳಿಸುತ್ತಿತ್ತು. ಹೊಳೆನರಸೀಪುರದ ಪಂಕ್ಚರ್ ಅಂಗಡಿಯಿಂದ ದಣಿದು ಬರುವ ಅಪ್ಪನಿಗೆ ಮನೆಯೇ ಬಿದ್ದರೂ ಕೇಳಿಸುತ್ತಿರಲಿಲ್ಲ.

ಈ ಸಲ ಸಂಕ್ರಾಂತಿ ಹೊತ್ತಿಗೆ ಅಜ್ಜಿಗೆ ಕೆಮ್ಮು ಜಾಸ್ತಿಯಾಗಿತ್ತು. ಹಿಂದಿನ ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅಪ್ಪ ಹೇಳಿದ, “ಅವ್ವಾ, ನಾಳೆ ನೀನ್ ಏಳ್ಬ್ಯಾಡ. ಹಬ್ಬದ್ ನೀರು ನಾನೇ ಕಾಯಿಸ್ತೀನಿ.”

“ನೀನಾ? ಸೂರ್ಯ ಬಂದು ಕುಂಡಿಗೆ ಒದ್ರೂ ಏಳಲ್ಲ ನೀನು. ಓಗ್ಲಾ ಕಾಂತ.”

“ಅಪ್ಪ ಎದ್ರೆ ನಾನು ತಲೆ ಬೋಳುಸ್ಕತೀನಿ ಅಜ್ಜಿ,” ಅಂದ ಅಣ್ಣ ಅಭಿಷೇಕ್. ಎಲ್ಲರೂ ನಕ್ಕೆವು. ಅಪ್ಪನೂ ನಕ್ಕ.

ಅಪ್ಪ ಎದ್ದ.

ಬೇಗ ಹತ್ತಿಕೊಳ್ಳಲಿ ಅಂತ ಒಣಗಿದ ತೆಂಗಿನ ಗರಿಗಳನ್ನು ಒಲೆಯ ಬಾಯಿ ಮುಚ್ಚುವಷ್ಟು ತುರುಕಿ ಕಡ್ಡಿ ಗೀರಿದ. ನನ್ನನ್ನು ಎಬ್ಬಿಸಿದ್ದು ಒಲೆಯೊಳಗಿನ ಕೂಗು. ಆಮೇಲೆ ಅಪ್ಪನ ಕೂಗು. ನಾವೆಲ್ಲ ಓಡಿ ಹೋಗುವಷ್ಟರಲ್ಲಿ ಅಪ್ಪ ಉರಿಯುವ ಗರಿಗಳನ್ನು ಬರಿಗೈಯಲ್ಲಿ ಈಚೆಗೆ ಎಳೆದೆಸೆಯುತ್ತಿದ್ದ. ಬೂದಪ್ಪ ಬೆಂಕಿ ಹಾರಿ ಬಂದು, ಹಬ್ಬಕ್ಕೆ ತಂದಿದ್ದ ಕಬ್ಬಿನ ಜಲ್ಲೆಗಳ ಪಕ್ಕ ಬಿದ್ದ.

ಅಭಿಷೇಕ್ ದನದ ಡಾಕ್ಟರಿಗೆ ಫೋನ್ ಮೇಲೆ ಫೋನ್ ಮಾಡಿದ. ಪಾಪ, ರಜೆಯಾದರೂ ಅವರು ಬಂದರು. ಸೂಜಿ ಹಾಕಿ, “ಮೈ ಸುಟ್ಟಿರೋದು ಕಮ್ಮಿ ಕಣಮ್ಮ. ಹೊಗೆ ಒಳಗೋಗ್ಬುಟ್ಟೈತೆ. ನೋಡಾನ,” ಅಂದರು. ಅವರು ‘ನೋಡಾನ’ ಅಂದ ರೀತಿಯಲ್ಲೇ ಗೊತ್ತಾಯಿತು.

ಅಜ್ಜಿ ಅವನನ್ನು ಹಳೆ ಸೀರೆಯಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಳು. ಮಂಜು ಕರಗಿತು. “ಬಿಸ್ಲು ಬಂತು ಕಣ್ಲಾ ಬೂದಪ್ಪ,” ಅಂದಳು. ಆವತ್ತು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು. ಅವನು ಏಳಲಿಲ್ಲ.

ಅಪ್ಪ ಬಚ್ಚಲ ಬಾಗಿಲಲ್ಲಿ ಕೂತಿದ್ದ. ಅಂಗೈಯಲ್ಲಿ ಬೊಬ್ಬೆ ಬಂದಿತ್ತು.

“ಬೆಕ್ಕಲ್ವಾ ಅವ್ವಾ, ಸದ್ದಾದ್ರೆ ತಾನೇ ಓಡೋಯ್ತದೆ ಅನ್ಕಂಡೆ. ಗರಿ ಮುರಿವಾಗ ಅಷ್ಟು ಸದ್ದು ಮಾಡ್ದೆ…”

“ಅದುಕ್ಕೆ ಕಿವಿ ಕೇಳ್ತಿರ್ಲಿಲ್ಲ ಕಣಪ್ಪ,” ಅಂದಳು ಅಜ್ಜಿ. “ವಯಸ್ಸಾಗಿತ್ತಲ್ಲ. ಬಡುದ್ರೆ ಒಲೆ ಅದುರೋದು, ಆ ಅದುರಿಗೆ ಏಳೋದು. ನಾನೇ ಯಾರ್ಗೂ ಹೇಳ್ಲಿಲ್ಲ. ನಾನೇ ತಾನೆ ದಿನಾ ಒಲೆ ಅಂಟ್ಸೋದು ಅಂತ ಸುಮ್ಕಿದ್ದೆ.”

ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಕರೆದರೆ ತಿರುಗಿ ನೋಡದ ಅವನನ್ನು ನಾವು ‘ಏನ್ ಪೊಗರು ಸ್ವಾಮೀಜಿಗೆ’ ಅಂತ ನಗುತ್ತಿದ್ದೆವು.

ಸಂಜೆ ಊರಿನ ಎತ್ತುಗಳು ಕಿಚ್ಚು ಹಾಯುವಾಗ ಅಪ್ಪ ಅಲ್ಲಿಗೆ ಹೋಗಲಿಲ್ಲ. ನಮ್ಮ ಎತ್ತುಗಳನ್ನು ಅಭಿಷೇಕ್ ಹಿಡಿದುಕೊಂಡು ಹೋದ. ಬೆಂಕಿಯ ಹತ್ತಿರ ಅವನೂ ನಿಂತುಬಿಟ್ಟನಂತೆ. ಕೊಂಬಿಗೆ ಕಟ್ಟಿದ ಬಲೂನಿನ ಸಮೇತ ಅವನ್ನು ಹಾಗೆಯೇ ವಾಪಸ್ ಕರೆದುಕೊಂಡು ಬಂದ.

ಮಾರನೆಯ ದಿನದಿಂದ ಒಲೆ ಅಪ್ಪನದಾಯಿತು. ಕೈಗೆ ಬಟ್ಟೆ ಸುತ್ತಿಕೊಂಡೇ ಕತ್ತಲಲ್ಲಿ ಏಳುತ್ತಾನೆ. ಟಣ್ ಟಣ್ ಅಂತ ಬಡಿಯುತ್ತಾನೆ. ಕಡ್ಡಿ ಗೀರುವ ಸದ್ದು ಮಾತ್ರ ಬರುವುದಿಲ್ಲ.

ಕೋಣೆಯೊಳಗಿಂದ ಅಜ್ಜಿ ಕೆಮ್ಮುತ್ತಾ ಹೇಳುತ್ತಾಳೆ, “ಅಂಟ್ಸಪ್ಪ ಕಾಂತ. ಒಳಗ್ಯಾರೂ ಇಲ್ಲ.”

ಆದರೂ ಅಪ್ಪ ಸ್ವಲ್ಪ ಹೊತ್ತು ಕಾಯುತ್ತಾನೆ.