ಫಿನ್‌ಲೆಂಡಿನ ಶಾಲೆ, ಹೊಸಗುಡ್ಡದ ಕೂಸುಗಳು

ಹೊಸಗುಡ್ಡ ಎಸ್ಟೇಟಿನ ಸಾಹುಕಾರ ರುದ್ರಪ್ಪನವರು ಫಿನ್‌ಲೆಂಡಿಗೆ ಹೋಗಿದ್ದು ಕಾಫಿಯ ಕೆಲಸಕ್ಕೆ. ಅಲ್ಲಿಯ ಜನ ವಿಪರೀತ ಕಾಫಿ ಕುಡಿಯುತ್ತಾರೆ, ನಮ್ಮ ಬೀಜಕ್ಕೆ ಗಿರಾಕಿ ಸಿಕ್ಕಾರು ಎಂದು ನಾಲ್ಕಾರು ಪ್ಲಾಂಟರುಗಳು ಸೇರಿಕೊಂಡು 2004ರ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿದ್ದರು. ಗಿರಾಕಿ ಸಿಕ್ಕರೋ ಇಲ್ಲವೋ, ವಾಪಸು ಬಂದ ಮೇಲೆ ಅವರ ಬಾಯಲ್ಲಿ ಬರೀ ಅಲ್ಲಿಯ ಶಾಲೆಯ ಸುದ್ದಿ.

ರಾಜ್ಯೋತ್ಸವದ ಬೆಳಿಗ್ಗೆ ಹೊಸಗುಡ್ಡದ ಸರ್ಕಾರಿ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ಅವರು ಮಾತಾಡುತ್ತಲೇ ಹೋದರು. ಶಾಲೆಯ ಜಾಗ ಅವರ ತಂದೆ ಬಿಟ್ಟುಕೊಟ್ಟಿದ್ದು. ಸಾಕು ಅನ್ನುವವರು ಯಾರು?

"ಅಲ್ಲಿ ಏಳು ವರ್ಷ ಆಗೋವರೆಗೂ ಮಕ್ಕಳನ್ನ ಶಾಲೆಗೆ ಹಾಕಲ್ಲ. ಪರೀಕ್ಷೆ ಅಂತ ಹೆದರಿಸೋದಿಲ್ಲ. ಜಪಾನಿನಲ್ಲಿ ತಮ್ಮ ಕ್ಲಾಸು ಮಕ್ಕಳೇ ಗುಡಿಸ್ತಾರಂತೆ. ಜರ್ಮನಿಯಲ್ಲಿ ಓದಿನ ಜೊತೆಗೇ ಕಸುಬು ಕಲಿಸ್ತಾರೆ. ನಮ್ಮಲ್ಲಿ ಏನಿದೆ? ಬಾಯಿಪಾಠ! ಮೊದಲು ನಮ್ಮ ಟೀಚರುಗಳು ಬದಲಾಗ್ಬೇಕು."

ಟೀಚರುಗಳು ಅಂದರೆ ಅಲ್ಲಿದ್ದವಳು ಸರ್ವಮಂಗಳಾ ಒಬ್ಬಳೇ. ಒಂದರಿಂದ ಐದರವರೆಗೆ ಪಾಠ, ಬಿಸಿಯೂಟದ ಅಕ್ಕಿ, ಪೋಲಿಯೊ ಹನಿ, ಮತದಾರರ ಪಟ್ಟಿ, ಎಲ್ಲಾ ಅವಳ ತಲೆಗೇ. ಇನ್ನೊಂದು ಹುದ್ದೆ ಖಾಲಿ ಬಿದ್ದು ಮೂರು ಮಳೆಗಾಲ ಕಳೆದಿತ್ತು.

"ಸರ್, ಅಲ್ಲಿ ಐದು ಕ್ಲಾಸಿಗೆ ಎಷ್ಟು ಜನ ಟೀಚರ್ ಇದ್ರು?" ಅವಳು ಕೇಳಿದಳು.

"ಅದೆಲ್ಲ ಸಣ್ಣ ವಿಷಯ ಟೀಚರ್. ಮನಸ್ಸಿದ್ರೆ ಮಾರ್ಗ" ಎಂದು ನಕ್ಕು ಅವರು ಜೀಪು ಹತ್ತಿದರು.

ಅವರ ಉತ್ಸಾಹ ಇಲಾಖೆಯ ಮೇಲಿನವರಿಗೂ ಅಂಟಿಕೊಂಡಿತು. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ 'ದೇಶ ವಿದೇಶಗಳ ಶಿಕ್ಷಣ ಪದ್ಧತಿ' ಎಂದು ಒಂದು ವಾರದ ತರಬೇತಿ. ಸರ್ವಮಂಗಳಾ ಬರಲೇಬೇಕೆಂದು ಆದೇಶ. ಶಾಲೆಗೆ ಬೀಗ ಹಾಕಿ ಹೋದಳು. ಅಲ್ಲಿ ದಿನವಿಡೀ ಗೋಡೆಗೆ ಚಾರ್ಟು ಅಂಟಿಸುವುದು, ಯಾವ ದೇಶ ಯಾಕೆ ಮುಂದಿದೆ ಎಂದು ಗುಂಪು ಚರ್ಚೆ.

"ಫಿನ್‌ಲೆಂಡಿನಲ್ಲಿ ಟೀಚರ್ ತರಬೇತಿಗೆ ಹೋದ್ರೆ ಶಾಲೆ ಯಾರು ನಡೆಸ್ತಾರೆ ಸರ್?"

"ಬದಲಿ ಟೀಚರ್ ಬರ್ತಾರೆ ಮೇಡಂ. ಅದು ಫಿನ್‌ಲೆಂಡ್ ಅಲ್ವಾ?" ತರಬೇತುದಾರರು ಹೇಳಿದ ಧಾಟಿಗೆ ಇಡೀ ಸಭೆ ನಕ್ಕಿತು. ಅವಳೂ ನಕ್ಕಳು. ನಕ್ಕಿದ್ದಕ್ಕೆ ಆಮೇಲೆ ತನ್ನ ಮೇಲೇ ಸಿಟ್ಟು ಬಂತು.

ಮರಳಿ ಬಂದು ಬೀಗ ತೆಗೆದ ದಿನ ಐದನೇ ತರಗತಿಯ ಭವ್ಯಾ ಬಂದಿರಲಿಲ್ಲ. ಮಾರನೇ ದಿನವೂ ಇಲ್ಲ. ಎರಡು ವರ್ಷ ಅಕ್ಷರ ಕೂಡಿಸಲಾಗದೆ ಅತ್ತ ಹುಡುಗಿ ಅದು. ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಓದು ಹಿಡಿದುಬಿಟ್ಟಿತ್ತು. ಗೊಬ್ಬರದ ಚೀಲದ ಮೇಲಿನ ಬರಹ, ಬಸ್ಸಿನ ಬೋರ್ಡು, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಈಗ ಬಿಟ್ಟರೆ ಎಲ್ಲ ಹೋಯಿತು ಎಂದು ಸರ್ವಮಂಗಳಾ ಸಂಜೆ ನೇರ ಎಸ್ಟೇಟಿನ ಕೂಲಿಯವರ ಲೈನುಮನೆಗಳ ಕಡೆ ನಡೆದಳು.

ಭವ್ಯಾ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಒಲೆಯ ಮುಂದೆ ಗಂಜಿ ತಿರುವುತ್ತಿದ್ದಳು. ಅವಳ ತಾಯಿ ಗಿಡ್ಡಮ್ಮ ಆಗಷ್ಟೇ ಕಾಫಿ ಹಣ್ಣು ಕುಯ್ದು ಬಂದವಳು, ಸೊಂಟಕ್ಕೆ ಕಟ್ಟಿದ ಗೋಣಿತಾಟನ್ನೂ ಬಿಚ್ಚಿರಲಿಲ್ಲ.

"ಏನ್ ಮಾಡ್ಲಿ ಟೀಚ್ರೇ? ಕಾಫಿಗೆ ರೇಟಿಲ್ಲ ಅಂತ ಸಾವ್ಕಾರ್ರು ಎಸ್ಟೇಟಿನ ಶಿಶುವಿಹಾರ ಮುಚ್ಸಿ ಆಯಮ್ಮನ್ನೂ ಬಿಡಿಸಿದ್ರು. ಕೂಸನ್ನ ಗಿಡದ ಬುಡದಲ್ಲಿ ಮಲಗ್ಸಿದ್ರೆ ಚಗಳಿ ಇರುವೆ ಮುತ್ಕತವೆ. ಹೆಂಗೋ ಅವರಿವರ ಹತ್ರ ಕೂಸ್ನ ಬಿಟ್ಟು ಇವಳನ್ನ ಕಳಿಸ್ತಿದ್ದೆ. ನೀವು ಟೌನಿಗೆ ಹೋದ್ರಿ, ಇಸ್ಕೂಲ್ ಬಾಗ್ಲೂ ಮುಚ್ತು. ಅವತ್ತಿಂದ ಇವಳೇ ನೋಡ್ಕಳ್ತವಳೆ."

ಸರ್ವಮಂಗಳಾ ಭವ್ಯಾಳ ಕಡೆ ತಿರುಗಿದಳು. "ನಾಳೆ ತಮ್ಮನ್ನೂ ಎತ್ಕೊಂಡು ಬಾ ಭವ್ಯಾ" ಎಂದಳು.

ಸುದ್ದಿ ಲೈನಿನಲ್ಲಿ ಹರಡಿತು. ವಾರ ಕಳೆಯುವುದರಲ್ಲಿ ಶಾಲೆಗೆ ಐದು ಕೂಸುಗಳು ಬಂದವು. ಕಿಟಕಿ ಸರಳಿಗೆ ಸೀರೆಯ ಜೋಲಿ ಕಟ್ಟಿದರು. ಭವ್ಯಾ ಕಾಲಲ್ಲಿ ಜೋಲಿ ತೂಗುತ್ತ ಪಾಠ ಓದುವಳು. ಒಂದು ಕೂಸು ಅತ್ತರೆ ಉಳಿದವೂ ದನಿಗೂಡಿಸುವವು. ಗುಣಾಕಾರ ಹೇಳಿಕೊಡುತ್ತಿದ್ದ ಸರ್ವಮಂಗಳಾ ಒಂದು ದಿನ ತಡೆಯದೆ "ಬಾಯಿ ಮುಚ್ಚಿಸ್ರೇ ಅವುಗಳ್ದು!" ಎಂದು ಕಿರುಚಿದಳು. ಆದರೂ ಭವ್ಯಾ ಬರುತ್ತಿದ್ದಳಲ್ಲ.

ಅಂಥದ್ದೇ ಒಂದು ಬೆಳಿಗ್ಗೆ ರುದ್ರಪ್ಪನವರು ಶಿಕ್ಷಣ ಇಲಾಖೆಯ ಅಧಿಕಾರಿ ಏಕಾಂತಪ್ಪನವರನ್ನು ಕರೆದುಕೊಂಡು ಬಂದರು. ಮಾದರಿ ಶಾಲೆ ಮಾಡುವ ಮಾತುಕತೆಯಂತೆ. ಬಾಗಿಲಲ್ಲೇ ಉಚ್ಚೆಯ ವಾಸನೆಗೆ ಏಕಾಂತಪ್ಪ ಮೂಗು ಮುಚ್ಚಿಕೊಂಡರು.

"ಏನಮ್ಮಾ ಇದು, ಶಾಲೆಯೋ ಬಾಣಂತಿ ಕೋಣೆಯೋ?"

ಸರ್ವಮಂಗಳಾ ರುದ್ರಪ್ಪನವರ ಕಡೆ ತಿರುಗಿದಳು. "ಸರ್, ಫಿನ್‌ಲೆಂಡಿನಲ್ಲಿ ತಾಯಂದಿರು ಕೆಲಸಕ್ಕೆ ಹೋದಾಗ ಕೂಸುಗಳು ಎಲ್ಲಿರ್ತವೆ?"

ಅವರ ಮುಖ ಅರಳಿತು. "ಅಯ್ಯೋ, ಅದನ್ನ ನೋಡ್ಬೇಕು ನೀವು! ಊರೂರಿಗೂ ಶಿಶುವಿಹಾರ. ಪುಟ್ಟ ಪುಟ್ಟ ಮಂಚ, ಬಿಸಿ ಬಿಸಿ ಊಟ..."

"ನಮ್ಮ ಎಸ್ಟೇಟಿನ ಶಿಶುವಿಹಾರದ ಬಾಗಿಲೂ ತೆಗೆಸಿ ಸರ್. ಈ ಕೂಸುಗಳನ್ನ ಈಗ್ಲೇ ಅಲ್ಲಿಗೆ ಕಳಿಸ್ತೀನಿ."

ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದದ್ದು ರುದ್ರಪ್ಪನವರಿಗೆ ಗೊತ್ತಾಯಿತು. "ಆ ದೇಶ ಬೇರೆ, ನಮ್ಮ ದೇಶ ಬೇರೆ ಟೀಚರ್. ಅದಕ್ಕೂ ಇದಕ್ಕೂ ಹೋಲಿಸಿದ್ರೆ ಹೇಗೆ?"

"ಹೋಲಿಸಿದ್ದು ನಾನಲ್ಲ ಸರ್."

"ಸಾಕು" ಎಂದರು ಏಕಾಂತಪ್ಪ. "ನಾಳೆಯಿಂದ ಒಂದು ಕೂಸೂ ಇಲ್ಲಿ ಕಾಣಕೂಡದು."

ಸಂಜೆ ಲೈನಿಗೆ ಹೋಗಿ ನಡೆದದ್ದನ್ನು ಹೇಳಿದಳು. ಏನು ಮಾಡಬೇಕೆಂದು ಹೇಳಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಗಿಡ್ಡಮ್ಮ ಕೇಳಿಸಿಕೊಂಡು ಎಲೆಅಡಿಕೆ ಉಗಿದು ಒಳಗೆ ಹೋದಳು.

ಮರುದಿನ ಹೆಂಗಸರು ತೋಟಕ್ಕೆ ಇಳಿಯಲಿಲ್ಲ. ಕೂಸುಗಳ ಸಮೇತ ಕಾಫಿ ಒಣಗಿಸುವ ಕಣಕ್ಕೆ ಬಂದು ಕೂತರು. ಮೇಸ್ತ್ರಿ ಕೂಗಾಡಿದ. "ನಾವು ಹಣ್ಣು ಕುಯ್ತೀವಿ, ಕೂಸು ನೀವು ನೋಡ್ಕಳಿ ಮಾರಾಯ" ಎಂದು ಗಿಡ್ಡಮ್ಮ ತನ್ನ ಮಗನನ್ನು ಅವನ ತೊಡೆಯ ಮೇಲೇ ಇಟ್ಟಳು. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಬೇರೆ ಆಳು ಸಿಗುವ ಕಾಲವೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಶಿಶುವಿಹಾರದ ಬಾಗಿಲು ತೆರೆಯಿತು, ಆಯಮ್ಮನನ್ನು ಕರೆತರಲು ಜೀಪು ಹೋಯಿತು. ಫಿನ್‌ಲೆಂಡಿನ ಹೆಸರು ಯಾರೂ ಎತ್ತಲಿಲ್ಲ.

ಭವ್ಯಾ ಕಂಕುಳಲ್ಲಿ ತಮ್ಮನಿಲ್ಲದೆ ಶಾಲೆಗೆ ಬಂದಳು. ಸರ್ವಮಂಗಳೆಗೆ ಆ ಸಂತೋಷ ಹೆಚ್ಚು ದಿನ ದಕ್ಕಲಿಲ್ಲ. ಲೈನಿನವರಿಗೆ ಹೇಳಿಕೊಟ್ಟಿದ್ದು ಟೀಚರೇ ಎಂಬ ಮಾತು ಹಬ್ಬಿ, ಸಂಕ್ರಾಂತಿಯ ಮರುವಾರ ಅವಳನ್ನು ದೂರದ ಗಿರಿಯ ಮೇಲೆ, ಅತ್ತಿಗುಂಡಿಯ ಆಚೆಯ ಶಾಲೆಯೊಂದಕ್ಕೆ ನಿಯೋಜಿಸಿ ಆದೇಶ ಬಂತು.

ಅವಳು ಏಕಾಂತಪ್ಪನವರ ಮೇಜಿನ ಮುಂದೆ ನಿಂತಳು. "ನಾನು ಹೋಗ್ತೀನಿ ಸರ್. ಹೊಸಗುಡ್ಡಕ್ಕೆ ಯಾರು ಬರ್ತಾರೆ?"

"ವ್ಯವಸ್ಥೆ ಮಾಡ್ತೀವಿ."

"ಯಾವಾಗ?"

"ಮಾಡ್ತೀವಿ ಅಂದೆನಲ್ಲಮ್ಮ."

ಆ ವ್ಯವಸ್ಥೆ ಆಗಿದ್ದು ಹೀಗೆ: ಮಲ್ಲಂದೂರಿನ ಕಡೆಯಿಂದ ಒಬ್ಬ ಮೇಷ್ಟ್ರು ವಾರಕ್ಕೆರಡು ಸಲ ಬಂದು ಹಾಜರಿ ಹಾಕಿ ಹೋಗುತ್ತಿದ್ದರು. ಕೂಸು ನೋಡಿಕೊಳ್ಳುವವರು ಬಂದಾಗ ಪಾಠ ಹೇಳುವವರು ಇಲ್ಲವಾಗಿದ್ದರು.

ಇದು ಕಿವಿಗೆ ಬಿದ್ದ ಭಾನುವಾರ ಸರ್ವಮಂಗಳಾ ಗಿರಿಯಿಂದ ಜೀಪಿನಲ್ಲಿ ಇಳಿದು, ಬಸ್ಸು ಹಿಡಿದು ಹೊಸಗುಡ್ಡಕ್ಕೆ ಬಂದಳು. ಬೀಗದ ಕೈ ಈಗ ಅವಳ ಬಳಿ ಇಲ್ಲ. ಜಗಲಿಯ ಮೇಲೆ ಕೂತು ಭವ್ಯಾಳಿಂದ ಒಂದು ಪಾಠ ಓದಿಸಿದಳು. ಹುಡುಗಿ ಅಲ್ಲಲ್ಲಿ ತಡವರಿಸಿದಳು, ತಿಂಗಳ ಹಿಂದೆ ಹೀಗಿರಲಿಲ್ಲ. ಸರ್ವಮಂಗಳಾ ಹಲ್ಲು ಕಚ್ಚಿಕೊಂಡು, "ಇನ್ನೊಂದ್ಸಲ, ಮೊದಲಿಂದ ಓದು" ಎಂದಳು.