ಹದಿನೈದೇ ಬರೆಸಿದ ಸೊಂಟದ ಬೆಲ್ಟು

ನಾನು ಒಂದು ಸೊಂಟದ ಬೆಲ್ಟು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಬೆನ್ನಿಗೆ ನಾಲ್ಕು ಉಕ್ಕಿನ ಪಟ್ಟಿ, ಹೊಟ್ಟೆಗೆ ಅಂಗೈಯಗಲದ ಅಂಟುಪಟ್ಟಿ. ಹೊಲಿದವನು ನನ್ನನ್ನು ಜಗ್ಗಿ ನೋಡಿ, "ಇದನ್ನ ಕಟ್ಟಿದ್ರ ಕುಂಬಳಬಳ್ಳಿನೂ ಪರೇಡ್ ಮಾಡತೈತಿ" ಅಂದಿದ್ದ. ಸುಳ್ಳಲ್ಲ. ನಾನು ಕಟ್ಟಿದ್ದು ಯಾವತ್ತೂ ಬಾಗಿಲ್ಲ.

ನನ್ನನ್ನು ಕೊಂಡವನು ಬೆಳಗಾವಿ ಕಡೆಯ ಹವಾಲ್ದಾರ ಲಗಮಪ್ಪ. ಹಿಮದಲ್ಲಿ ಫೌಜಿನ ಟ್ರಕ್ಕು ಉರುಳಿ ಅವನ ಬೆನ್ನಿನ ಎರಡು ಮಣಿ ನುಜ್ಜಾಗಿದ್ದವು. ಬೆನ್ನು ಶೇಕಡಾ ಎಷ್ಟು ಕೆಟ್ಟಿದೆ ಎಂದು ಡಾಕ್ಟರರ ಬೋರ್ಡು ಬರೆಯಬೇಕಿತ್ತು. ಇಪ್ಪತ್ತು ಬರೆದರೆ ಪಿಂಚಣಿ. ಹತ್ತೊಂಬತ್ತು ಬರೆದರೆ ದೊಡ್ಡ ನಮಸ್ಕಾರ.

ಬೋರ್ಡಿಗೆ ಹೊರಟ ದಿನ ಹೆಂಡತಿ ನೀಲವ್ವ ಕೈಮುಗಿದಳು. "ಅಲ್ಲಿ ಜರಾ ಬೆನ್ನು ಬಾಗಿಸಿ ಡೊಗ್ಗಿ ನಿಂದರ್ರಿ. ಮನ್ಯಾಗ ಬ್ಯಾನಿ ಅಂತ ನಳ್ಳಾಡ್ತೀರಿ, ಸಾಹೇಬ್ರ ಮುಂದ ಹುಲಿ ಆಗ್ತೀರಿ."

"ಡೊಗ್ಗಿ ನಿಂತ್ರ ಪಲ್ಟಣದ ಮಾನ ಹೋಗತೈತಿ, ಸುಮ್ಕಿರ" ಎಂದು ಅವನು ಅಂಗಿಯೊಳಗೆ ನನ್ನನ್ನು ಉಸಿರುಗಟ್ಟುವಂತೆ ಬಿಗಿದ.

ಹೆಸರು ಕೂಗಿದರು. ಲಗಮಪ್ಪ ಹಿಮ್ಮಡಿ ಬಡಿದು ಸೆಲ್ಯೂಟ್ ಹೊಡೆದ. ನಾನೂ ಹುರುಪಿನಿಂದ ಹಿಡಿದೆ. ಅಂದು ಅವನ ಪಕ್ಕ ಧ್ವಜದ ಕಂಬ ನಿಂತಿದ್ದರೆ ಅದೇ ಸೊಟ್ಟಗೆ ಕಾಣುತ್ತಿತ್ತು! ಹೊರಗೆ ಇನ್ನೂ ಅರವತ್ತು ಜನ ಕಾದಿದ್ದರು. ಅಂಗಿ ಬಿಚ್ಚು ಎಂದು ಯಾರೂ ಹೇಳಲಿಲ್ಲ. ದೊಡ್ಡ ಡಾಕ್ಟರು "ಶಾಬಾಶ್, ಹವಾಲ್ದಾರ್!" ಎಂದು ಮೆಚ್ಚಿ, ಹದಿನೈದು ಬರೆದರು.

ಪಿಂಚಣಿಯಿಲ್ಲದೆ ನಿವೃತ್ತಿಯಾಯಿತು, ಅಪೀಲು ಹೋಯಿತು. ಮೂರು ವರ್ಷಕ್ಕೆ ಮತ್ತೆ ಬೋರ್ಡು ಕರೆಯಿತು. ಈ ಸಲ ನೀಲವ್ವ ನನ್ನನ್ನು ಜೋಳದ ಡಬ್ಬಿಯಲ್ಲಿ ಹೂತಳು. "ಬೆಲ್ಟ್ ಇಲ್ದ ಹ್ಯಾಂಗ ನೆಟ್ಟಗ ನಿಂದರ್ತಾರ ನೋಡೂಣು" ಎಂದು ನನಗೇ ಸವಾಲು ಹಾಕಿದಳು.

ನಿಂತನಂತೆ. ನಾನಿಲ್ಲದೆಯೇ, ಹೆಸರು ಕೂಗಿದ ಕೂಡಲೇ ಹಿಮ್ಮಡಿ ಬಡಿದನಂತೆ. ಬೆನ್ನೊಳಗೆ ಕಬ್ಬು ಮುರಿದಂಥ ಸದ್ದು. ಕೈ ಮಾತ್ರ ಸೆಲ್ಯೂಟಿನಲ್ಲಿ, ಮೈ ನೆಲದಲ್ಲಿ. ಮನೆಗೆ ಬಂದದ್ದು ಟೆಂಪೋದಲ್ಲಿ ಮಲಗಿಕೊಂಡು. ಸೊಂಟದ ಕೆಳಗೆ ಇರುವೆ ಕಚ್ಚಿದರೂ ಗೊತ್ತಾಗುತ್ತಿರಲಿಲ್ಲ.

"ಈಗರೇ ನೂರು ಕೊಡ್ತಾರ ಬಿಡ" ಎಂದು ಅವನು ನಗುತ್ತಿದ್ದ.

ಕಾಗದ ಬಂತು. "ನನ್ನ ಎಬ್ಬಿಸಿ ಕುಂದರ್ಸ ನೀಲಾ. ಫೌಜಿನ ಕಾಗದ ಮಲಗಿ ಕೇಳಬಾರ್ದು" ಅಂದ. ಅವಳು ನನ್ನನ್ನು ಡಬ್ಬಿಯಿಂದ ತೆಗೆದು, ಅವನ ಎದೆಗೂ ಮಂಚದ ತಲೆಹಲಗೆಗೂ ಸೇರಿಸಿ ಬಿಗಿದಳು. ಪೋಸ್ಟಮನ್ ಓದಿದ: ಕಾಲು ಹೋದದ್ದು ನಿವೃತ್ತಿಯ ನಂತರ, ಸೇವೆಗೆ ಸಂಬಂಧವಿಲ್ಲ. ಬೆನ್ನಿಗೆ ಹಳೆಯ ಹದಿನೈದೇ ಖಾಯಂ.

ಲಗಮಪ್ಪ ಕುಸಿಯಹೋದ. ನಾನು ಬಿಡಲಿಲ್ಲ.

ಅವನು ಹೋಗಿ ಎರಡು ವರ್ಷವಾಯಿತು. ನೀಲವ್ವ ಅಪೀಲಿನ ಕಾಗದಗಳನ್ನೆಲ್ಲ ಒಟ್ಟಿ, ನನ್ನಿಂದ ಬಿಗಿದು, ಗೋಡೆಯ ಮಾಡದಲ್ಲಿ ನಿಲ್ಲಿಸಿದ್ದಾಳೆ. ಒಂದು ಮೊಳ ಎತ್ತರದ ಕಟ್ಟು. ನೋಡಿ, ಎಷ್ಟು ನೆಟ್ಟಗಿದೆ!